ಎರಡು ಊರಿನ ಒಂದು ಹಗ್ಗ

ಎರಡು ವಾರದಿಂದ ನನ್ನ ಬಲಗೈ ಗಳಿಗೆಗೊಮ್ಮೆ ಪ್ಯಾಂಟಿನ ಜೇಬಿಗೆ ಇಳಿಯುತ್ತದೆ, ಒಳಗೆಲ್ಲ ತಡಕಾಡುತ್ತದೆ, ಏನೂ ಸಿಗದೆ ಮೇಲೆ ಬರುತ್ತದೆ. ಅಲ್ಲೊಂದು ಉಕ್ಕಿನ ಟೇಪು ಇತ್ತು. ಬಡಗಿಗಳು ಇಟ್ಟುಕೊಳ್ಳುತ್ತಾರಲ್ಲ, ಎಳೆದರೆ ಉದ್ದಕ್ಕೆ ಬಂದು ಬಿಟ್ಟರೆ ಟಪ್ಪೆಂದು ಡಬ್ಬಿ ಸೇರುವಂಥದು. ಒಂದೂವರೆ ತಿಂಗಳು ಅದು ನನ್ನ ಜೊತೆಗಿತ್ತು. ಅಷ್ಟರಲ್ಲಿ ನಾನು ಅಳೆಯದೆ ಬಿಟ್ಟ ವಸ್ತು ನಮ್ಮ ಮನೆಯಲ್ಲಿಲ್ಲ. ಬಾಗಿಲು ಅಳೆದೆ, ಮಂಚ ಅಳೆದೆ, ಅಡುಗೆ ಕಟ್ಟೆ ಅಳೆದೆ, ಕೊನೆಗೊಂದು ದಿನ ತಾಟಿನಲ್ಲಿದ್ದ ಜೋಳದ ರೊಟ್ಟಿಯನ್ನೂ ಅಳೆದೆ. ನನ್ನ ಹೆಂಡತಿ ಶಾರದಾ ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಣ್ಣದಾಗೈತೇನ್ರಿ?"

"ಇಲ್ಲ, ಒಂಬತ್ತೂವರಿ ಇಂಚು ಐತಿ. ಸರಿ ಐತಿ."

"ಸರಿ ಇದ್ರ ತಿನ್ರಿ. ನಾಳಿ ಆ ಡಬ್ಬಿ ಮತ್ತ ತಾಟಿನ ಬಾಜೂಕ ಬಂದ್ರ ಅದನ್ನೂ ಹಂಚಿನ ಮ್ಯಾಲ ಹಾಕತೀನಿ ನೋಡ್ರಿ."

ಈಗ ಆ ಟೇಪು ಇಲ್ಲ. ಎಲ್ಲಿ ಹೋಯಿತೆಂದು ನಿಧಾನವಾಗಿ ಹೇಳುತ್ತೇನೆ, ಕಳೆದಿಲ್ಲ, ಅಷ್ಟು ಮಾತ್ರ ಈಗ ಗೊತ್ತಿರಲಿ. ಶಾರದಾ ನೆಮ್ಮದಿಯಾಗಿದ್ದಾಳೆ. ನನ್ನ ಕೈಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ನಿಜ ಹೇಳಬೇಕೆಂದರೆ ನನ್ನ ಮೈಯೊಳಗಿನ ಯಾವ ಅಂಗವೂ ಹುಟ್ಟಿದಾಗಿನಿಂದ ಸುಮ್ಮನೆ ಇದ್ದದ್ದಿಲ್ಲ. ಕೈ ಸುಮ್ಮನಾದರೆ ಕಾಲು ಕುಣಿಯುತ್ತದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಎರಡನೆಯ ಸ್ಟಾಪಿಗೇ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಇಂಥವನಿಗೆ ದೇವರು ಸರಿಯಾದ ಕೆಲಸವನ್ನೇ ಕೊಟ್ಟ. ಸಿರುಗುಪ್ಪದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ. ಇಷ್ಟು ಉದ್ದದ ಹೆಸರನ್ನು ಯಾರೂ ಬಾಯಲ್ಲಿ ಹಿಡಿಸಿಕೊಳ್ಳುವುದಿಲ್ಲ. ಊರಿಗೆಲ್ಲ ನಾನು ಪೀಡಿ ಸಾರ್. ಇಡೀ ದಿನ ಬಯಲಲ್ಲಿ ಓಡಾಡಿದರೆ ಸಂಬಳ ಕೊಡುವ ಕೆಲಸ ಇದೊಂದೇ ಇರಬೇಕು.

ನಾನು ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ಅಪ್ಪ ಅಲ್ಲಿ ದರ್ಜಿ. ಗುಡ್ಡದ ಬುಡದ ಓಣಿಯಲ್ಲಿ ಒಂದು ಮಶೀನು, ಒಂದು ಬೆಂಚು, ಕೊರಳಲ್ಲೊಂದು ಹಳದಿ ಟೇಪು, ಅಷ್ಟೇ ಅವನ ಅಂಗಡಿ. ವರ್ಷಕ್ಕೊಮ್ಮೆ ಸಾಲೆ ಶುರುವಾಗುವಾಗ ನನಗೂ ಒಂದು ಅಂಗಿ ಹೊಲಿಯುತ್ತಿದ್ದ. ಅಳತೆಗೆ ನಿಲ್ಲಿಸುವುದೇ ಅವನಿಗೊಂದು ಯುದ್ಧ. "ಲೇ, ಒಂದ್ ಗಳಿಗಿ ನಿಂದ್ರಲೇ. ನಿನ್ನ ಅಳಿಯೋದಕ್ಕಿಂತ ಆಕಳ ಕರಾನ ಅಳಿಯೋದು ಚಲೋ" ಎಂದು ಬೈಯುತ್ತಿದ್ದ. ಹೊಲಿದ ಅಂಗಿಯ ಒಂದು ತೋಳು ಯಾವಾಗಲೂ ಗಿಡ್ಡ. ಅಪ್ಪನ ಕೈಗುಣ ಅಲ್ಲ, ಅಳೆಯುವಾಗ ನಾನು ಆ ಕೈ ಎತ್ತಿ ಯಾರನ್ನೋ ಕರೆಯುತ್ತಿದ್ದೆ.

ಅಪ್ಪನಿಗೆ ಒಂದು ಹಟವಿತ್ತು. ಊರ ಮಂದಿ ಹೊಸ ಬಟ್ಟೆಯ ಜೊತೆ ಒಂದು ಹಳೆಯ ಅಂಗಿ ತಂದು, "ಇದರ ಅಳತಿಗೆ ಹೊಲದು ಬಿಡಪ್ಪ" ಎಂದು ಬೆಂಚಿನ ಮೇಲೆ ಎಸೆದು ಹೊರಡುತ್ತಿದ್ದರು. ಎಲ್ಲ ಕಡೆಯೂ ನಡೆಯುವ ರೂಢಿ ಅದು. ಅಪ್ಪ ಮಾತ್ರ ಒಪ್ಪುತ್ತಿರಲಿಲ್ಲ. "ಅರಿವಿ ನೀರು ಕಂಡಂಗೆಲ್ಲ ಕುಗ್ಗತೈತಿ. ಎಷ್ಟು ಸಲ ಒಗದೀರೋ ಯಾರಿಗೆ ಗೊತ್ತು. ಅಳತಿಗೆ ಅಂಗಿ ಬ್ಯಾಡ್ರಿ, ಮೈ ಕೊಡ್ರಿ" ಅನ್ನುತ್ತಿದ್ದ. ಎಷ್ಟೋ ಗಿರಾಕಿಗಳು ಸಿಟ್ಟಾಗಿ ಬೇರೆ ದರ್ಜಿಯ ಬಳಿ ಹೋದರು. ಅಪ್ಪನದು ಅತಿಯಾಯಿತೆಂದು ಆಗ ನನಗೂ ಅನಿಸುತ್ತಿತ್ತು.

ಸಾಲೆಯಲ್ಲಿ ನಾನು ಖೋ ಖೋ ಆಡುತ್ತಿದ್ದೆ. ಆಡುತ್ತಿದ್ದೆ ಅನ್ನುವುದು ದೊಡ್ಡ ಮಾತು. ಎರಡು ಕಂಬದ ನಡುವೆ ಎಂಟು ಚೌಕ, ಎಂಟು ಜನ ಕೂರುತ್ತಾರೆ, ಒಬ್ಬ ಆ ಕಡೆ ಮುಖ, ಇನ್ನೊಬ್ಬ ಈ ಕಡೆ ಮುಖ. ಒಂಬತ್ತನೆಯವನು ಎದುರಾಳಿಗಳನ್ನು ಬೆನ್ನಟ್ಟುತ್ತಾನೆ. ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಎಂದ ಮೇಲೆಯೇ ಕೂತವನು ಏಳಬೇಕು. ನಾನು ಖೋ ಅನ್ನುವ ಮೊದಲೇ ಎದ್ದುಬಿಡುತ್ತಿದ್ದೆ. ಪ್ರತಿ ಸಲ ಫೌಲು. ಕೂತು ಆಡುವ ಆಟವನ್ನು ಕೂರಲಾರದವನು ಆರಿಸಿಕೊಂಡದ್ದು, ಮುಂದೆ ಅದನ್ನೇ ಕಲಿಸುವ ಕೆಲಸ ಹಿಡಿದದ್ದು, ಎಲ್ಲಾ ನೆನೆದರೆ ಈಗಲೂ ನಗು ಬರುತ್ತದೆ.

ಇನ್ನು ಹಗ್ಗದ ಮಾತು. ನಾನು ಸಿರುಗುಪ್ಪದ ಕಾಲೇಜಿಗೆ ಬರುವ ಮೊದಲಿನಿಂದಲೂ ಅಲ್ಲೊಂದು ಹತ್ತಿಯ ನೂಲಿನ ಹಗ್ಗವಿತ್ತು. ನನಗಿಂತ ಮುಂಚೆ ಇದ್ದ ಪೀಡಿ ಸಾರ್ ಒಬ್ಬರು ಖೋ ಖೋ ಅಂಕಣ ಹಾಕಲು ಮಾಡಿಟ್ಟದ್ದು. ಎರಡು ತುದಿಗೆ ಕಂಬಕ್ಕೆ ಸಿಕ್ಕಿಸುವ ಉರುಳು, ನಡುವೆ ಎಂಟು ಗಂಟು, ಗಂಟಿಗೊಂದು ಕೆಂಪು ಅರಿವೆ. ಒಂದು ಕಂಬ ನೆಟ್ಟು, ಹಗ್ಗ ಎಳೆದು, ಅದು ಮುಟ್ಟಿದಲ್ಲಿ ಇನ್ನೊಂದು ಕಂಬ ನೆಟ್ಟು, ಗಂಟು ಬಿದ್ದಲ್ಲಿ ಸುಣ್ಣದ ಚೌಕ ಹಾಕಿದರೆ ಮುಗಿಯಿತು. ಕುರುಗೋಡಿನ ಕಾಲೇಜಿನವರೂ ಅದೇ ಹಗ್ಗ ಒಯ್ದು ಅಂಕಣ ಹಾಕುತ್ತಿದ್ದರು. ಹೀಗೆ ಕೊಟ್ಟು ತಂದು ಮಾಡುವಾಗ ಯಾವಾಗಲೋ ಒಂದು ಪದ್ಧತಿ ಬಿತ್ತು. ಎರಡು ಊರಿನ ಹುಡುಗಿಯರ ಪಂದ್ಯದಲ್ಲಿ ಗೆದ್ದವರಿಗೆ ಹಗ್ಗ. ಸೋತವರು ವರ್ಷವಿಡೀ ಅಂಕಣ ಹಾಕಬೇಕಾದಾಗಲೆಲ್ಲ ಗೆದ್ದವರ ಊರಿಗೆ ಹೋಗಿ, ಕೇಳಿ ತಂದು, ವಾಪಸು ಕೊಟ್ಟು ಬರಬೇಕು. ಕಪ್ಪು, ಶೀಲ್ಡು ಎಷ್ಟು ಬಂದವೋ, ಅವೆಲ್ಲ ಪ್ರಿನ್ಸಿಪಾಲರ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಹಗ್ಗಕ್ಕೆ ಮಾತ್ರ ಜಗಳ, ಅಳು, ಮೆರವಣಿಗೆ ಎಲ್ಲವೂ ಇತ್ತು.

ಗೆದ್ದ ಊರಿನವರು ಮೊದಲು ಮಾಡುವ ಕೆಲಸ ಹಗ್ಗ ತೊಳೆಯುವುದು. ಎದುರಾಳಿಯ ಊರಿನ ಮಣ್ಣು ಹೋಗಬೇಕಲ್ಲ. ನಮ್ಮ ಹುಡುಗಿಯರು ಕಾಲುವೆಗೆ ಒಯ್ದು ಸೋಪು ಹಾಕಿ, ಕಲ್ಲಿನ ಮೇಲೆ ಬಡಿದು, ಬಿಸಿಲಿಗೆ ಹಾಸಿ, ಹೊಸ ಕೆಂಪು ಅರಿವೆ ಕಟ್ಟುತ್ತಿದ್ದರು. ಕುರುಗೋಡಿನವರು ಗೆದ್ದರೆ ಅವರೂ ಹಾಗೇ. ಸೋತವರು ಕೇಳಿ ಒಯ್ಯುವಾಗಲೂ ತೊಳೆದೇ ಕೊಡಬೇಕು, ಇಲ್ಲವಾದರೆ ಮಾತು ಕೇಳಬೇಕು. ನೀವು ಈಗಾಗಲೇ ನಗುತ್ತಿರಬಹುದು. ನನಗೆ ಆ ಬುದ್ಧಿ ಹೊಳೆಯಲಿಲ್ಲ. ದರ್ಜಿಯ ಮಗ ನಾನು, ದಂಡೆಯ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ.

ಆಗ ನಮ್ಮ ವಲಯದಲ್ಲಿ ನಾಲ್ಕೇ ಕಾಲೇಜು. ಸಿರುಗುಪ್ಪ, ಕುರುಗೋಡು, ಬಳ್ಳಾರಿಯವು ಎರಡು. ಬಳ್ಳಾರಿಯವರು ಖೋ ಖೋ ಎಂದರೆ ಹೆಸರಿಗೊಂದು ತಂಡ ಕಳಿಸಿ, ಒಗ್ಗರಣಿ ಮಿರ್ಚಿ ತಿಂದು, ಸೋತು, ನಗುತ್ತಾ ಹೋಗುತ್ತಿದ್ದರು. ಫೈನಲ್ಲು ಯಾವಾಗಲೂ ನಮ್ಮಿಬ್ಬರದೇ, ನಮ್ಮಿಬ್ಬರ ಬಯಲಲ್ಲೇ. ಅರ್ಧ ಊರು ಸೇರಿ ತೆಲುಗಿನಲ್ಲಿ "ಪಟ್ಟುಕೋ, ಪಟ್ಟುಕೋ" ಎಂದು ಕೂಗುತ್ತಿತ್ತು. ಹಿಡಿ ಎಂದು ಕನ್ನಡದಲ್ಲಿ ಕೂಗಿದರೆ ನಮ್ಮ ಕಡೆ ಕಾಲಿಗೆ ವೇಗ ಬರುವುದಿಲ್ಲ. ಮೊದಲೆರಡು ತಂಡ ಅಂತರ್ ವಲಯಕ್ಕೆ ಹೋಗುತ್ತವೆ, ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗಿಯರನ್ನು ಆರಿಸುವುದು ಅಲ್ಲೇ. ಪ್ರತಿ ವರ್ಷ ನಾವಿಬ್ಬರೂ ಹೋಗುತ್ತಿದ್ದೆವು, ಪ್ರತಿ ವರ್ಷ ಮೊದಲ ಪಂದ್ಯಕ್ಕೇ ಮಣ್ಣು ಮುಕ್ಕಿ ಬರುತ್ತಿದ್ದೆವು. ನೀರು ಬದಲಾಯಿತು, ನೆಲ ಗಟ್ಟಿಯಿತ್ತು, ರೆಫ್ರಿ ಅವರ ಕಡೆಯವನು, ಹೀಗೆ ವರ್ಷಕ್ಕೊಂದು ಕಾರಣ ನನ್ನ ಹತ್ತಿರ ಇರುತ್ತಿತ್ತು. ನಮ್ಮ ಕಾಲೇಜಿನ ಒಬ್ಬ ಹುಡುಗಿಯೂ ವಿಶ್ವವಿದ್ಯಾಲಯದ ತಂಡ ಸೇರಲಿಲ್ಲ.

ಕಳೆದ ವರ್ಷ ಫೈನಲ್ಲಿನಲ್ಲಿ ನಾವು ಸೋತು ಹಗ್ಗ ಕುರುಗೋಡಿಗೆ ಹೋಯಿತು. ಕುರುಗೋಡಿನ ಪೀಡಿ ರುದ್ರಮ್ಮ ಮೇಡಂ ಅದನ್ನು ಹೆಗಲಿಗೆ ಹಾಕಿಕೊಂಡು, "ಬರ್ರಿ ಸಾರ್, ಬೇಕಾದಾಗ ಬರ್ರಿ, ಚಾನೂ ಕೊಡತೀನಿ, ಹಗ್ಗಾನೂ ಕೊಡತೀನಿ" ಎಂದು ನಮ್ಮ ಸಿರುಗುಪ್ಪದ ನೆಲದಲ್ಲೇ ನಿಂತು ಹೇಳಿದರು. ಮುಂದಿನ ವರ್ಷ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಆ ಮುಂದಿನ ವರ್ಷ ಬರಲೇ ಇಲ್ಲ.

ಬಂದದ್ದು ವಾಟ್ಸಾಪಿನಲ್ಲಿ ಒಂದು ಸುತ್ತೋಲೆ. ಕಾಲೇಜುಗಳು ಹೆಚ್ಚಾಗಿವೆ, ಆದ್ದರಿಂದ ಕ್ರೀಡಾ ವಲಯಗಳನ್ನು ವಿಸ್ತರಿಸಿ ಹೊಸದಾಗಿ ವಿಂಗಡಿಸಲಾಗುವುದು, ಎಲ್ಲ ಪೀಡಿಗಳೂ ಬಳ್ಳಾರಿಯ ಸಭೆಗೆ ಬರತಕ್ಕದ್ದು. ಹೋದೆವು. ಗೋಡೆಗೆ ನಕ್ಷೆ ತೂಗುಹಾಕಿದ್ದರು. ಯಾವ ಕಾಲೇಜು ಯಾವ ಗುಂಪಿಗೆ ಎಂದು ಎಳೆದಾಟ ನಡೆದಿತ್ತು. ದೊಡ್ಡ ಕಾಲೇಜಿನವರಿಗೆ ದೊಡ್ಡ ಕಾಲೇಜಿನ ಜೊತೆಯೇ ಆಡಬೇಕು, ಒಬ್ಬರಿಗೆ ರೈಲು ಹೋಗುವ ಊರೇ ಬೇಕು, ಇನ್ನೊಬ್ಬರಿಗೆ ತಮ್ಮನ್ನು ಸದಾ ಸೋಲಿಸುವವರು ಬೇರೆ ಗುಂಪಿಗೆ ಹೋದರೆ ಸಾಕು. ಒಂದು ಗಂಟೆ ಕೂತೆ. ನನ್ನ ಕಾಲು ಕುಣಿದು ಮೇಜಿನ ಮೇಲಿನ ನೀರಿನ ಬಾಟಲಿಗಳೆಲ್ಲ ನಡುಗತೊಡಗಿದಾಗ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. ಎದ್ದು ಹೊರಗೆ ಹೋದೆ. ಹೊರಗೆ ಬಯಲಲ್ಲಿ ಯಾರೋ ವಾಲಿಬಾಲು ಆಡುತ್ತಿದ್ದರು. ಹತ್ತೇ ನಿಮಿಷ ಎಂದುಕೊಂಡೆ, ಒಂದು ಸೆಟ್ಟಿಗೆ ಅಂಪೈರಿಂಗನ್ನೂ ಮಾಡಿಬಿಟ್ಟೆ.

ಒಳಗೆ ಬಂದಾಗ ನಕ್ಷೆಯಲ್ಲಿ ಸಿರುಗುಪ್ಪದ ಸುತ್ತ ಹಸಿರು ಗೆರೆ ಬಿದ್ದಿತ್ತು, ಕುರುಗೋಡಿನ ಸುತ್ತ ಕೆಂಪು. ಕುರುಗೋಡು ಬಳ್ಳಾರಿ ನಗರ ವಲಯಕ್ಕೆ. ನಾವು ಹೊಸಪೇಟೆ ಕಡೆಯ ಹನ್ನೆರಡು ಕಾಲೇಜಿನ ವಲಯಕ್ಕೆ.

"ಇದೇನ್ರಿ ಮೇಡಂ, ನಮ್ಮನ್ನ ಯಾರು ಅಲ್ಲಿಗೆ ಹಾಕಿದ್ರು?" ಎಂದು ರುದ್ರಮ್ಮ ಮೇಡಮ್ಮರನ್ನು ಕೇಳಿದೆ.

"ಸಿರುಗುಪ್ಪದವರು ಏನಂತೀರಿ ಅಂತ ಎರಡು ಸಲ ಕೇಳಿದ್ರು. ಕುರ್ಚಿ ಖಾಲಿ ಇತ್ತು. ನೀವು ಹೊರಗ ಹೋದ್ರಿ, ನಿಮ್ಮ ಊರೂ ನಿಮ್ಮ ಹಿಂದ ಹೊರಗ ಹೋತ್ರಿ ಸಾರ್."

ಅವರು ನಗಿಸಲೆಂದೇ ಹೇಳಿದ್ದು, ಆದರೆ ಅವರ ಮುಖದಲ್ಲೂ ನಗು ಇರಲಿಲ್ಲ. ಖೋ ಅನ್ನುವ ಮೊದಲೇ ಎದ್ದ ಹಳೆಯ ಫೌಲೇ ಇದು. ಅಲ್ಲಿಗೆ ಎರಡು ಊರಿನ ಪಂದ್ಯ ಮುಗಿಯಿತು. ನಮ್ಮ ಬಸ್ಸು ಹೊಸಪೇಟೆಯ ವಲಯಕ್ಕೆ ಹೋಗುವುದು ಕುರುಗೋಡನ್ನು ದಾಟಿಕೊಂಡೇ. ಕಿಟಕಿಯಿಂದ ಅವರ ಅಂಕಣದ ಕಂಬ ಕಾಣುತ್ತದೆ, ಆದರೆ ಅವರೊಡನೆ ಆಡುವ ಹಾಗಿಲ್ಲ. ಹಗ್ಗ ಇನ್ನು ಶಾಶ್ವತವಾಗಿ ಅವರದೇ ಎಂಬ ಸಂಕಟ ನನ್ನನ್ನು ಮಳೆಗಾಲವಿಡೀ ಅಡ್ಡಾಡಿಸಿತು.

ನಿಜವಾದ ಸಂಕಟ ಇನ್ನೊಬ್ಬರದಿತ್ತು. ನಾಗವೇಣಿ ನಮ್ಮ ತಂಡದ ಕ್ಯಾಪ್ಟನ್. ರಾರಾವಿಯವಳು, ಬಿ.ಎ. ಕೊನೆಯ ವರ್ಷ. ತಂದೆ ತಾಯಿ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತಾರೆ, ರಜೆಯಲ್ಲಿ ಅವಳೂ ನಾಟಿಗೆ ಹೋಗುತ್ತಾಳೆ. ಮೂರು ವರ್ಷದಲ್ಲಿ ಅವಳು ನನ್ನಲ್ಲಿ ಕೇಳಿದ್ದು ಒಂದೇ. "ನಾನೂ ರುದ್ರಮ್ಮ ಮೇಡಂ ಅವರಂಗ ಪೀಡಿ ಆಗಬೇಕ್ರಿ ಸಾರ್. ವಿಶ್ವವಿದ್ಯಾಲಯಕ್ಕ ಆಡಿದ್ರ ಕ್ರೀಡಾ ಕೋಟಾದಾಗ ಸೀಟು ಸಿಗತೈತಂತ." ನಿಮ್ಮ ಹಾಗೆ ಆಗಬೇಕು ಅನ್ನಲಿಲ್ಲ, ಅದನ್ನೂ ಗಮನಿಸಿದ್ದೇನೆ. ಇದು ಅವಳ ಕೊನೆಯ ಅವಕಾಶ. ಮೊದಲು ನಾಲ್ಕು ತಂಡದಲ್ಲಿ ಎರಡರಲ್ಲೊಂದಾದರೆ ಸಾಕಿತ್ತು. ಈಗ ಹನ್ನೆರಡು ತಂಡ, ಸೋತರೆ ಅಲ್ಲಿಗೇ ಮನೆ.

ಅವಳ ಆಟದ ಜೀವ ಕಂಬದಲ್ಲಿ. ಎದುರಾಳಿ ಕಂಬ ಸುತ್ತಿ ತಪ್ಪಿಸಿಕೊಳ್ಳುವಾಗ ಇವಳು ಕೊನೆಯ ಚೌಕದಿಂದ ಓಡಿ, ಒಂದು ಕೈಯಲ್ಲಿ ಕಂಬ ಹಿಡಿದು ಮೈ ಚೆಲ್ಲಿ ಇನ್ನೊಂದು ಕೈಯಲ್ಲಿ ಮುಟ್ಟುತ್ತಾಳೆ. ಕಂಬದ ಕಡೆ ನೋಡುವುದೇ ಇಲ್ಲ, ಕಣ್ಣು ಎದುರಾಳಿಯ ಮೇಲೆ. ಕಂಬ ಎಲ್ಲಿದೆ ಎಂದು ಅವಳ ಕಾಲಿಗೇ ಗೊತ್ತು.

ಹೊಸ ವಲಯದ ಮೊದಲ ಪಂದ್ಯ ಬೆಳಿಗ್ಗೆ. ನಾಗವೇಣಿ ಓಡಿದಳು, ಹಾರಿದಳು, ಕೈ ಗಾಳಿಯನ್ನು ಹಿಡಿಯಿತು. ಮಣ್ಣಲ್ಲಿ ಬಿದ್ದಳು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಬಿದ್ದಾಗ ಮೊಣಕೈ ತರಚಿ ರಕ್ತ ಬಂತು. ಒಂದು ಅಂಕದಿಂದ ಸೋತೆವು. ಎದ್ದು ನಿಂತ ನಾಗವೇಣಿ ನನ್ನ ಕಡೆ ನೋಡಲಿಲ್ಲ, ಕಂಬವನ್ನೇ ನೋಡುತ್ತಿದ್ದಳು.

"ಸಾರ್, ಕಂಬ ಸರದೈತ್ರಿ."

"ಕಂಬ ಎಲ್ಲೆರ ಸರೀತೈತೇನವ್ವಾ?"

"ನನ್ನ ಕಾಲು ತಪ್ಪಲ್ರಿ ಸಾರ್. ಕಂಬ ಇನ್ನ ಈ ಕಡಿ ಇರಬೇಕ್ರಿ."

ನನ್ನ ಹುಡುಗಿಯ ಮಾತಿನ ಮೇಲೆ ನನಗೆ ಪೂರಾ ನಂಬಿಕೆ. ರೆಫ್ರಿಯ ಮೇಲೆ ಎಗರಿದೆ. ಅಂಕಣ ತಪ್ಪು, ಅಳೆಯಲೇಬೇಕು, ಅಳೆಯದೆ ನನ್ನ ತಂಡ ಬಯಲು ಬಿಟ್ಟು ಕದಲುವುದಿಲ್ಲ ಎಂದು ಕೂಗಾಡಿದೆ. ಸುತ್ತ ಜನ ಸೇರಿದರು. ರೆಫ್ರಿ ತಾಳ್ಮೆಯ ಮನುಷ್ಯ. ಉದ್ದನೆಯ ಟೇಪು ತರಿಸಿ, "ಸೊನ್ನಿ ಇರೋ ತುದಿ ನೀವ ಹಿಡಕೊಳ್ರಿ ಸಾರ್, ಆಮ್ಯಾಲ ಅನುಮಾನ ಬ್ಯಾಡ" ಎಂದರು. ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿದೆ. ಒಂದೊಂದು ಚೌಕವೂ ನಿಯಮದ ಪುಸ್ತಕದಲ್ಲಿ ಬರೆದಂತೆಯೇ ಇತ್ತು, ಒಂದು ಕೂದಲೆಳೆ ಆಚೀಚೆ ಇಲ್ಲ. ರೆಫ್ರಿ ಟೇಪು ಸುತ್ತಿಕೊಂಡು ಹೋದರು. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನಾಗವೇಣಿ ಮುಂದಿನ ಸೀಟಿನಲ್ಲಿ ಮೊಣಕೈಗೆ ಕರ್ಚೀಪು ಕಟ್ಟಿಕೊಂಡು ಕೂತಿದ್ದಳು. ನಾನು ಕೂತೂ ನಿಂತೂ ಕಂಡಕ್ಟರನ ತಲೆ ತಿಂದೆ. ಕಂಬ ಸರಿದಿಲ್ಲ, ಹುಡುಗಿಯ ಕಾಲೂ ತಪ್ಪಿಲ್ಲ, ಹಾಗಾದರೆ ಮತ್ತೇನು ತಪ್ಪಿತು? ಕುರುಗೋಡು ಹತ್ತಿರ ಬಂದಂತೆ ಕಿಟಕಿಯಾಚೆ ರುದ್ರಮ್ಮ ಮೇಡಮ್ಮರ ಬಯಲು ಕಂಡಿತು. ಬೇಲಿಗುಂಟ ಬೆಳ್ಳಗೆ ಹೊಳೆಯುವ ಹಗ್ಗವನ್ನು ಒಣಹಾಕಿದ್ದರು. ಈಗಷ್ಟೇ ತೊಳೆದದ್ದು. ಆ ಗಳಿಗೆಯಲ್ಲಿ ನನ್ನ ಕಿವಿಯಲ್ಲಿ ಅಪ್ಪನ ದನಿ ಬಂತು. ಎಷ್ಟು ಸಲ ಒಗದೀರೋ ಯಾರಿಗೆ ಗೊತ್ತು.

"ಇಳೀರಿ, ಎಲ್ಲಾರೂ ಇಳೀರಿ" ಎಂದು ಕೂಗಿ ಬಸ್ಸು ನಿಲ್ಲಿಸಿದೆ.

ರುದ್ರಮ್ಮ ಮೇಡಂ ತಮ್ಮ ಹುಡುಗಿಯರ ಜೊತೆ ಬಯಲಲ್ಲೇ ಇದ್ದರು. ಅವರ ಮುಖವೂ ಬಾಡಿತ್ತು. ಹಿಂದಿನ ದಿನ ನಗರ ವಲಯದಲ್ಲಿ ಅವರೂ ಮೊದಲ ಪಂದ್ಯಕ್ಕೇ ಸೋತಿದ್ದರು.

"ನಿಮ್ಮ ಹುಡುಗ್ಯಾರಿಗೂ ಕಂಬ ಸಿಗಲಿಲ್ಲೇನ್ರಿ ಮೇಡಂ?"

"ನಿಮಗ ಯಾರು ಹೇಳಿದ್ರು?"

ಕಾಲೇಜಿನಲ್ಲಿ ಹೊಸ ಕೋಣೆ ಕಟ್ಟುತ್ತಿದ್ದ ಗೌಂಡಿಯ ಕೈಯಿಂದ ಟೇಪು ಇಸಕೊಂಡು ಬಂದೆವು. ಬೇಲಿಯ ಹಗ್ಗ ತಂದು ನೆಲಕ್ಕೆ ಬಿಗಿಯಾಗಿ ಎಳೆದು ಪಕ್ಕದಲ್ಲಿ ಟೇಪು ಹಾಸಿದೆವು. ಎರಡೂ ಊರಿನ ಹುಡುಗಿಯರು ಎರಡೂ ಬದಿಗೆ ಸಾಲಾಗಿ ಬಗ್ಗಿ ನಿಂತರು. ಗಂಟಿನಿಂದ ಗಂಟಿಗೆ ನಾಲ್ಕು ಬೆರಳು ಕಡಿಮೆ. ಕಂಬದಿಂದ ಕಂಬಕ್ಕೆ ಸೇರಿ ಎರಡು ಮೊಳ. ಗೆದ್ದವರು ತೊಳೆದೂ ತೊಳೆದೂ, ಸೋತವರು ತೊಳೆದೂ ತೊಳೆದೂ, ಆ ಹಗ್ಗ ನಮ್ಮ ಕಣ್ಣೆದುರೇ ಕುಗ್ಗಿತ್ತು. ಎರಡು ಊರೂ ಅದೇ ಹಗ್ಗದಿಂದ ಅಂಕಣ ಹಾಕಿ, ಅದೇ ಅಂಕಣದಲ್ಲಿ ಒಬ್ಬರನ್ನೊಬ್ಬರು ಸೋಲಿಸಿ, ನಮ್ಮಂಥವರಿಲ್ಲ ಎಂದು ಮೆರೆದಿದ್ದೆವು. ನೀರು ಬದಲಾಯಿತು ಎಂದು ನಾನು ಹೇಳುತ್ತಿದ್ದ ಮಾತು ಒಂದರ್ಥದಲ್ಲಿ ಹೌದೇ ಆಗಿತ್ತು, ಕಾಲುವೆಯ ನೀರು.

ರುದ್ರಮ್ಮ ಮೇಡಂ ನೆಲದ ಮೇಲೆ ಕೂತೇಬಿಟ್ಟರು. "ನಿಮ್ಮ ಆಫೀಸಿನ್ಯಾಗ ಉದ್ದಂದು ಟೇಪ್ ಇಲ್ಲೇನ್ರಿ ಸಾರ್?"

"ಐತಿ. ಬಂದಾಗ ಹೆಂಗ ಪ್ಯಾಕ್ ಆಗಿತ್ತೋ ಹಂಗ ಐತಿ. ನಿಮ್ಮದು?"

"ನಂದೂ ಹಂಗ ಐತ್ರಿ."

ನಾಗವೇಣಿ ಹಗ್ಗದ ಕೊನೆಯ ಗಂಟಿನ ಹತ್ತಿರ ನಿಂತಿದ್ದಳು. ಬೈಯಲಿಲ್ಲ, ಅಳಲಿಲ್ಲ. "ಹಂಗಾರ ನನ್ನ ಕಾಲು ಸರಿ ಇತ್ತಲ್ರಿ ಸಾರ್" ಎಂದಳು. ಇವಳಿಗಿಂತ ಮುಂಚೆ ಎಷ್ಟು ಹುಡುಗಿಯರು ಅಂತರ್ ವಲಯದಲ್ಲಿ ಹೀಗೇ ಗಾಳಿ ಹಿಡಿದು ಬಿದ್ದು, ತಮ್ಮ ಕಾಲನ್ನೇ ಬೈದುಕೊಂಡು, ಮದುವೆಯಾಗಿ ಹೋದರು. ಅವರಿಗೆಲ್ಲ ನಾನು ಬಸ್ಸಿನಲ್ಲಿ ಹೇಳಿದ್ದು ಒಂದೇ, ಪ್ರಾಕ್ಟೀಸು ಸಾಲದು ಎಂದು. ನನಗೆ ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ಉಳಿದಿದ್ದ ದಾರಿ ಒಂದೇ. ಸೋತ ತಂಡದ ಒಳ್ಳೆಯ ಆಟಗಾರ್ತಿಯಿದ್ದರೆ ಪೀಡಿಯಾದವನು ತಕ್ಕ ಕಾರಣ ಕೊಟ್ಟು ಪತ್ರ ಬರೆಯಬಹುದು, ಒಪ್ಪಿದರೆ ವಿಶ್ವವಿದ್ಯಾಲಯದ ತಂಡದ ಆಯ್ಕೆ ಸಮಿತಿ ಅವಳನ್ನು ಬಳ್ಳಾರಿಯ ಟ್ರಯಲ್ಲಿಗೆ ಕರೆಯುತ್ತದೆ. ಮರುದಿನವೇ ಬರೆದೆ. ಇಷ್ಟು ವರ್ಷ ನಮ್ಮ ಅಂಕಣದ ಅಳತೆ ತಪ್ಪಿತ್ತು, ಅಳೆದು ನೋಡಬೇಕಾದವನು ನಾನು, ನೋಡಲಿಲ್ಲ, ಸೋಲು ಆಟಗಾರ್ತಿಯದಲ್ಲ. ಪ್ರಿನ್ಸಿಪಾಲರು ಎರಡು ಸಲ ಓದಿದರು.

"ಇದನ್ನ ಕಳಿಸಿದ್ರ ಬಳ್ಳಾರಿಯಾಗ ತಿಂಗಳಗಟ್ಟಲೆ ನಗತಾರ. ಹುಡುಗಿಗೆ ಜ್ವರ ಇತ್ತು ಅಂತ ಬರೀರಿ, ಮುಗೀತು."

"ಹುಡುಗಿಗೆ ಜ್ವರ ಇರಲಿಲ್ರಿ ಸಾರ್."

ರುದ್ರಮ್ಮ ಮೇಡಂ ಕುರುಗೋಡಿನಿಂದ ಬಂದು, ಹಗ್ಗ ಅಳೆಯುವಾಗ ತಾವೂ ಇದ್ದೆವೆಂದು ಕೆಳಗೆ ಸಹಿ ಹಾಕಿದರು. ಅವರ ಹುಡುಗಿಯರಿಗೆ ಇನ್ನೂ ಒಂದು ವರ್ಷ ಬಾಕಿಯಿತ್ತು, ಅವರಿಗೆ ಈ ಅವಮಾನದಲ್ಲಿ ಪಾಲು ಬೇಕಿರಲಿಲ್ಲ. ಆದರೂ ಹಾಕಿದರು. ಬಳ್ಳಾರಿಯಲ್ಲಿ ನಕ್ಕರು. ಎರಡು ವಲಯದವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಇದೇ ಮೊದಲು ಎಂದು ಯಾರೋ ಅಂದರಂತೆ. ನಕ್ಕು ಮುಗಿದ ಮೇಲೆ ನಾಗವೇಣಿಯನ್ನು ಕರೆದರು.

ಅಂಗಡಿಗೆ ಹೋಗಿ ಈ ಜೇಬಿನ ಟೇಪು ತಂದದ್ದು ಆಗ. ನಮ್ಮ ಅಂಕಣ ಅಳಿಸಿ, ಕಂಬ ಕಿತ್ತು ಹೊಸದಾಗಿ ನೆಟ್ಟೆವು. ಕಾಲಿಗೆ ಒಮ್ಮೆ ಕಲಿಸಿದ್ದನ್ನು ಮರೆಸುವುದು ಎಷ್ಟು ಕಷ್ಟ ಎಂದು ಒಂದೂವರೆ ತಿಂಗಳು ನೋಡಿದೆ. ನಾಗವೇಣಿ ದಿನಾ ಬೆಳಿಗ್ಗೆ ರಾರಾವಿಯಿಂದ ಮೊದಲ ಬಸ್ಸಿಗೆ ಬಂದು ಬೀಳುತ್ತಿದ್ದಳು, ಏಳುತ್ತಿದ್ದಳು, ನಾಲ್ಕು ಬೆರಳಿನಷ್ಟು ಮುಂದೆ ಹೋಗಿ ಮತ್ತೆ ಬೀಳುತ್ತಿದ್ದಳು. ನಾನು ಗೆರೆಯಗುಂಟ ಓಡಾಡುತ್ತಾ ದಿನಕ್ಕೆ ಹತ್ತು ಸಲ ಅದೇ ಕಂಬದಿಂದ ಅದೇ ಚೌಕಕ್ಕೆ ಅಳೆಯುತ್ತಿದ್ದೆ. ಮನೆಗೆ ಹೋದ ಮೇಲೂ ಕೈ ನಿಲ್ಲದೆ ರೊಟ್ಟಿಯವರೆಗೂ ಹೋದ ಕಥೆ ಹೇಳಿದೆನಲ್ಲ.

ಟ್ರಯಲ್ಲಿನ ದಿನ ಬಳ್ಳಾರಿಯಲ್ಲಿ ಒಳ್ಳೆಯ ಬಿಸಿಲು. ಆಯ್ಕೆಗಾರರು ಶಾಮಿಯಾನದ ಕೆಳಗೆ ಕೂತಿದ್ದರು. ಪೀಡಿಗಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ನಾನು ನನ್ನದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. ನಾಗವೇಣಿ ಬಂದು ಕೈ ಚಾಚಿದಳು.

"ಸಾರ್, ಟೇಪ್ ಕೊಡ್ರಿ."

"ಇದು ಬಳ್ಳಾರಿ ಕೋರ್ಟವ್ವಾ. ಸರಿ ಇರತೈತಿ, ನಾನು ಹೇಳತೀನಲ್ಲ."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಕೊಡ್ರಿ ಸಾರ್."

ಕೊಟ್ಟೆ. ನೋವಾಯಿತು, ಸುಳ್ಳೇಕೆ ಹೇಳಲಿ. ನಾನು ಹೇಳುತ್ತೇನೆ ಎಂಬ ಮಾತಿಗೆ ಅವಳ ಹತ್ತಿರ ಇನ್ನು ಬೆಲೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವಳು ಎಲ್ಲರೆದುರಿಗೆ ಅಂಕಣದೊಳಗೆ ಹೋಗಿ ಮಂಡಿಯೂರಿ ಕೂತು, ಈ ಕಂಬದಿಂದ ಚೌಕಕ್ಕೆ ಅಳೆದಳು, ಆ ತುದಿಗೆ ನಡೆದು ಆ ಕಂಬದಿಂದಲೂ ಅಳೆದಳು. ಆಯ್ಕೆಗಾರರಲ್ಲಿ ಒಬ್ಬರು ಏನೋ ಅಂದು ನಕ್ಕರು. ಅವಳು ತಲೆಯೆತ್ತಲಿಲ್ಲ. ಮಂಡಿಯ ಮಣ್ಣು ಕೊಡವಿಕೊಂಡು, ಟೇಪನ್ನು ತನ್ನ ಚೀಲಕ್ಕೆ ಹಾಕಿ ನನ್ನ ಹತ್ತಿರ ಬಂದಳು.

"ಸರಿ ಐತ್ರಿ ಸಾರ್. ನೀವಿನ್ನ ಕುಂದರ್ರಿ."

ಕೂತೆ. ಒಂಬತ್ತು ನಿಮಿಷದ ಒಂದು ಪಾಳಿ. ಆ ಒಂಬತ್ತು ನಿಮಿಷ ನನ್ನ ಕಾಲು ಕುಣಿಯಲಿಲ್ಲ, ಕೈ ಅಲುಗಲಿಲ್ಲ. ಅಪ್ಪ ಇದ್ದಿದ್ದರೆ ಎರಡೂ ತೋಳು ಸಮವಾಗಿರುವ ಅಂಗಿ ಹೊಲಿಯಬಹುದಿತ್ತು. ಐದನೆಯ ನಿಮಿಷದಲ್ಲಿ ಎದುರಾಳಿ ಕಂಬದ ಕಡೆ ಓಡಿದಳು. ನಾಗವೇಣಿ ಎದ್ದಳು, ಕಂಬದ ಕಡೆ ನೋಡದೆ ಹಾರಿದಳು. ಕೈ ಕಂಬಕ್ಕೆ ಬಡಿದ ಸದ್ದು ನನಗೆ ಕುರ್ಚಿಯವರೆಗೂ ಕೇಳಿಸಿತು.

ಸಂಜೆ ಗೋಡೆಗೆ ಪಟ್ಟಿ ಅಂಟಿಸಿದರು. ಹನ್ನೆರಡು ಹೆಸರಿನಲ್ಲಿ ಹನ್ನೊಂದನೆಯದು ಅವಳದು. ರುದ್ರಮ್ಮ ಮೇಡಮ್ಮರಿಗೆ ಫೋನು ಮಾಡಿದೆ. ಅವರು ಅತ್ತುಬಿಟ್ಟರು, ಆಮೇಲೆ ಅದನ್ನು ಮುಚ್ಚಲು ಹಗ್ಗದ ವಿಷಯ ತೆಗೆದರು. ಹಗ್ಗದ ಮೇಲೆ ಈಗ ಹುಡುಗಿಯರ ಜೆರ್ಸಿ ಒಣಹಾಕುತ್ತಾರಂತೆ, ಆದರೂ ಅದು ಗೆದ್ದ ಹಗ್ಗ, ಕುರುಗೋಡಿನದೇ, ಬೇಕಿದ್ದರೆ ಯಾವ ವಲಯದ ಹಂಗೂ ಇಲ್ಲದೆ ಬಂದು ಆಡಿ ಗೆದ್ದುಕೊಂಡು ಹೋಗಬೇಕಂತೆ. ಹೋಗುತ್ತೇವೆ. ಯುಗಾದಿ ಮುಗಿದ ಮೇಲಿನ ಭಾನುವಾರ ಎಂದು ಮಾತಾಗಿದೆ.

ನಾಗವೇಣಿ ತರಬೇತಿಗೆ ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸು ಬಿಡುವ ಮುಂಚೆ, "ಏನವ್ವಾ, ನನ್ನ ಟೇಪು?" ಎಂದು ಕೇಳಿದೆ.

"ನನ್ನ ಕಡ್ಯಾಗ ಇರಲ್ರಿ ಸಾರ್. ಅಲ್ಲಿ ಕೋರ್ಟ್ ಯಾರು ಹಾಕಿರತಾರೋ ಏನೋ."

ಬಸ್ಸು ಹೋಯಿತು. ಅಂದಿನಿಂದ ಕೈ ಜೇಬಿಗೆ ಹೋಗುತ್ತದೆ, ಖಾಲಿ ಬರುತ್ತದೆ, ಶಾರದಾ ಮುಸಿ ಮುಸಿ ನಗುತ್ತಾಳೆ. ಹೊಸದೊಂದು ಕೊಂಡರೆ ಆಗುತ್ತದೆ, ಕೊಳ್ಳಲು ಮನಸ್ಸಿಲ್ಲ. ಇಷ್ಟು ವರ್ಷ ಇಷ್ಟು ಹುಡುಗಿಯರಿಗೆ ನಾನು ಕೊಡಬೇಕಾಗಿದ್ದದ್ದು ಅದೊಂದೇ ಆಗಿತ್ತು.